ಕೇರಿಗೊಂದು ಮಾತು, ಊರಿಗೊಂದು ಮಾತು

ಉದ್ದ ಪೋಸ್ಟ್ ಇದು, ಬಿಡುವಿದ್ದಾಗ ಓದಿ.

2021ಕ್ಕೇ ಅವಧಿ ಮುಗಿದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಚುನಾವಣೆ ಮಾತು ಮತ್ತೆ ಎದ್ದಿದೆ. ನಮ್ಮ ಕಡೆ ಟಿಕೆಟ್ ಆಕಾಂಕ್ಷಿಗಳ ಫ್ಲೆಕ್ಸುಗಳು ಆಗಲೇ ಕಂಬ ಹತ್ತಿವೆ. ಹೋದ ವಾರ ನಮ್ಮ ಅಧ್ಯಯನ ಶಿಬಿರಕ್ಕೆ ಬರೋ ಹುಡುಗನೊಬ್ಬ ಕೇಳಿದ: "ಅಕ್ಕಾ, ಅಭ್ಯರ್ಥಿಗಳ ಸಂವಾದ ಅಂತ ಎಲ್ಲೇ ನಡೆದ್ರೂ ನೀವು ನೋಟ್‌ಬುಕ್ ಹಿಡ್ಕೊಂಡು ಹೋಗ್ತೀರಂತೆ. ಓಟು ಯಾರಿಗೆ ಅಂತ ಮೊದಲೇ ಗೊತ್ತಿರೋವಾಗ ಅದನ್ನ ಯಾಕೆ ನೋಡ್ಬೇಕು?" ಅವನಿಗೆ ಅಲ್ಲೇ ಎರಡು ಮಾತು ಹೇಳಿದೆ. ಎರಡು ಮಾತಲ್ಲಿ ಮುಗಿಯೋ ವಿಷಯ ಅಲ್ಲ ಅಂತ ಅನ್ನಿಸಿ ಇಲ್ಲಿ ಬರೀತಿದ್ದೀನಿ.

ಟಿವಿ ಚರ್ಚೆ ಬಗ್ಗೆ ಆದ್ರೆ ಅವನು ಹೇಳಿದ್ದು ಸರಿ. ಒಂದು ಪರದೆಯಲ್ಲಿ ಎಂಟು ಕಿಟಕಿ, ಎಂಟು ಬಾಯಿ, ಮಧ್ಯೆ ಆ್ಯಂಕರ್ ಒಬ್ಬರದ್ದೇ ಕೂಗು. ಅಲ್ಲಿ ಕೂತಿರೋರು ಪಕ್ಷದ ವಕ್ತಾರರು, ನಾಳೆ ನಮ್ಮ ಕೈಗೆ ಸಿಗೋರಲ್ಲ. ದೆಹಲಿ ಮಟ್ಟದಲ್ಲಂತೂ ಕೇಳೋದೇ ಬೇಡ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಸೇರಿ ನರೇಂದ್ರ ಮೋದಿಯವರಿಗೂ ರಾಹುಲ್ ಗಾಂಧಿಯವರಿಗೂ ಪತ್ರ ಬರೆದು ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಒಪ್ಪಿದರು. ಚರ್ಚೆ ನಡೀಲಿಲ್ಲ. ಅಷ್ಟು ದೊಡ್ಡ ದೇಶದ ಚುನಾವಣೆ ಒಬ್ಬರು ಇನ್ನೊಬ್ಬರ ಮುಖ ನೋಡದೇ ಮುಗಿದುಹೋಯ್ತು.

ನಾನು ಹೇಳ್ತಿರೋದು ತಾಲ್ಲೂಕು ಮಟ್ಟದ ಸಂವಾದದ ಬಗ್ಗೆ. ಪತ್ರಕರ್ತರೋ, ವಕೀಲರೋ, ಯಾವುದಾದ್ರೂ ಕಾಲೇಜಿನವರೋ ಒಂದು ಕಲ್ಯಾಣ ಮಂಟಪ ಹಿಡಿದು ಕ್ಷೇತ್ರದ ಅಭ್ಯರ್ಥಿಗಳನ್ನ ಸಾಲಾಗಿ ಕೂರಿಸ್ತಾರಲ್ಲ, ಅದು. ಫ್ಯಾನ್ ತಿರುಗಲ್ಲ, ಮೈಕು ಕುಂಯ್ ಅನ್ನುತ್ತೆ, ಒಬ್ಬ ಅಭ್ಯರ್ಥಿ ಬರೋದೇ ಇಲ್ಲ, ಇನ್ನೊಬ್ಬರು ಒಂದೂವರೆ ಗಂಟೆ ತಡ. ಆದ್ರೂ ನಾನು ಬಿಡಲ್ಲ.

ಈ ಪೇಜಿಗೆ ಹೊಸದಾಗಿ ಬಂದವರಿಗೆ: ನಾನು ಬಿ.ಎ. ಓದಿ, ಆಡಿಟರ್ ಒಬ್ಬರ ಆಫೀಸಲ್ಲಿ ಇಪ್ಪತ್ತು ವರ್ಷದಿಂದ ಕ್ಲರ್ಕ್ ಆಗಿದ್ದೀನಿ. ವೋಚರ್ ಜೋಡಿಸೋದು, ಬ್ಯಾಂಕ್ ಪಾಸ್‌ಬುಕ್ಕಿಗೂ ಲೆಡ್ಜರಿಗೂ ತಾಳೆ ಹಾಕೋದು ನನ್ನ ಹೊಟ್ಟೆಪಾಡು. ಸಂಘಟನೆ ಕೆಲಸ ಸಂಜೆ ಮತ್ತೆ ಭಾನುವಾರ. ಹಾಗಾಗಿ ನನಗೆ ಯಾರು ಏನೇ ಹೇಳಿದ್ರೂ ಅದಕ್ಕೆ ವೋಚರ್ ಎಲ್ಲಿ ಅಂತ ಕೇಳೋ ಚಾಳಿ.

ಅಭ್ಯರ್ಥಿಯ ವೋಚರ್ ಅಂದ್ರೆ ಅಫಿಡವಿಟ್. ಫಾರಂ 26 ಅಂತಾರೆ. ನಾಮಪತ್ರದ ಜೊತೆ ಕೊಡಲೇಬೇಕು. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳು ಬರೋ ತನಕ ನಮ್ಮ ಪ್ರತಿನಿಧಿಯ ಮೇಲೆ ಎಷ್ಟು ಕೇಸಿದೆ, ಎಷ್ಟು ಆಸ್ತಿ ಇದೆ ಅಂತ ತಿಳ್ಕೊಳ್ಳೋ ಹಕ್ಕೇ ನಮಗೆ ಗಟ್ಟಿಯಾಗಿ ಇರಲಿಲ್ಲ. ಈಗ ಚುನಾವಣಾ ಆಯೋಗದ ವೆಬ್‌ಸೈಟಲ್ಲಿ ಎಲ್ಲಾ ಸಿಗುತ್ತೆ. ಅಭ್ಯರ್ಥಿ, ಹೆಂಡತಿ ಅಥವಾ ಗಂಡ, ಅವಲಂಬಿತರು, ಎಲ್ಲರ ಆಸ್ತಿ. ಐದು ವರ್ಷದ ಆದಾಯ. ಸಾಲ, ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ. ಜಮೀನಿದ್ರೆ ಸರ್ವೆ ನಂಬರು, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡಿದ್ದಾದ್ರೆ ಯಾವತ್ತು ಕೊಂಡಿದ್ದು. ಎಷ್ಟು ಕೋಟಿ ಇದೆ ಅನ್ನೋದನ್ನ ಪೇಪರಿನವರು ಹೇಗೂ ಬರೀತಾರೆ. ನಾನು ನೋಡೋದು ಸರ್ವೆ ನಂಬರು. ಆ ನಂಬರಿನ ಪಹಣಿ ತೆಗೆಸಿದ್ರೆ ಆ ಜಮೀನಿನ ಹಿಂದಿನ ಕತೆಯ ಬಾಲ ಸಿಕ್ಕಿಬಿಡುತ್ತೆ. ಇನ್ನು ಕ್ರಿಮಿನಲ್ ಕೇಸಿದ್ದೋರು ಅದನ್ನ ಪತ್ರಿಕೆಯಲ್ಲಿ, ಟಿವಿಯಲ್ಲಿ ಪ್ರಕಟಿಸಬೇಕು ಅಂತ 2018ರಲ್ಲಿ ಸಂವಿಧಾನ ಪೀಠವೇ ಹೇಳಿದೆ. ಪ್ರಕಟಿಸ್ತಾರೆ. ಟೆಂಡರ್ ಜಾಹೀರಾತಿನ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಇಷ್ಟು ಓದ್ಕೊಂಡು ಹೋದ್ರೆ ವೇದಿಕೆ ಮೇಲಿನ ಮಾತು ಬೇರೆ ಥರ ಕೇಳಿಸುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಮ್ಮದು ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ರಾಜ್ಯದ 224ರಲ್ಲಿ ಅಂಥವು 36 ಇವೆ, ಪರಿಶಿಷ್ಟ ಪಂಗಡದ್ದು 15. ಯಾವ ಕ್ಷೇತ್ರ ಅಂತ ಹೇಳಲ್ಲ. ಹೇಳಿದ್ರೆ ವೇದಿಕೆ ಮೇಲಿದ್ದೋರ ಹೆಸರೂ ಹೇಳಿದ ಹಾಗೆ, ನನಗೆ ಬೇಕಿರೋದು ಹೆಸರಲ್ಲ.

ಮೀಸಲು ಕ್ಷೇತ್ರದ ಸಂವಾದ ಅಂದ್ರೆ ಅದೊಂದು ವಿಚಿತ್ರ ದೃಶ್ಯ. ವೇದಿಕೆ ಮೇಲೆ ಕೂತ ಅಷ್ಟೂ ಜನ ನಮ್ಮವರೇ. ಹಿಂದೆ ಬಾಬಾಸಾಹೇಬರ ಫೋಟೋ, ಅದಕ್ಕೆ ಹಾರ. ಎರಡು ಗಂಟೆ ಮಾತು. ಆ ಎರಡು ಗಂಟೆಯಲ್ಲಿ ಅಸ್ಪೃಶ್ಯತೆ ಅನ್ನೋ ಪದ ಒಂದು ಸಲ ಬಂದ್ರೆ ಹೆಚ್ಚು. ರಸ್ತೆ, ಕೆರೆ ತುಂಬಿಸೋದು, ಡಿಗ್ರಿ ಕಾಲೇಜು, ನೂರು ಹಾಸಿಗೆ ಆಸ್ಪತ್ರೆ. ಬೇಡ ಅಂತ ನಾನು ಹೇಳ್ತಿಲ್ಲ, ರಸ್ತೆ ನಮಗೂ ಬೇಕು. ಆದ್ರೆ ಕೇರಿಗೆ ಓಟು ಕೇಳೋಕೆ ಬಂದಾಗ ಇದೇ ಜನ ಮಾತಾಡೋದೇ ಬೇರೆ. "ಅವ್ವಾ, ನಾನು ನಿಮ್ಮ ಮಗ, ನಿಮ್ಮ ನೋವು ನನಗೆ ಗೊತ್ತಿಲ್ವಾ" ಅಂತ ಕಣ್ಣಲ್ಲಿ ನೀರು ತಂದ್ಕೋತಾರೆ. ಅಲ್ಲಿಂದ ಊರ ಒಳಕ್ಕೆ ಹೋದ್ರೆ ಗೌಡರ ಜಗಲಿ ಕೆಳಗೆ ನಿಂತು, "ನನ್ನನ್ನ ಜಾತಿಯಿಂದ ನೋಡ್ಬೇಡಿ ಅಣ್ಣಾ, ನಾನು ನಿಮ್ಮ ಮನೆ ಹುಡುಗ." ಕೇರಿಗೊಂದು ಮಾತು, ಊರಿಗೊಂದು ಮಾತು.

ಇದನ್ನ ಅವರ ಗುಣದ ಮೇಲೆ ಹಾಕಿ ಬಿಡೋದು ಸುಲಭ. ನಾನು ಹಾಗೆ ಹಾಕಲ್ಲ. ಹೊಸ ಹುಡುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಕೋಮುವಾರು ತೀರ್ಪು ಪ್ರಕಟಿಸಿದಾಗ ಅಸ್ಪೃಶ್ಯರಿಗೆ ಎರಡು ಓಟು ಸಿಕ್ಕಿತ್ತು. ಒಂದು, ತಮ್ಮ ಪ್ರತಿನಿಧಿಯನ್ನ ತಾವೇ ಆರಿಸಿಕೊಳ್ಳೋಕೆ. ಇನ್ನೊಂದು, ಸಾಮಾನ್ಯ ಕ್ಷೇತ್ರದಲ್ಲಿ ಎಲ್ಲರ ಜೊತೆ. ಗಾಂಧೀಜಿ ಯರವಡಾ ಜೈಲಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಪ್ರಾಂತೀಯ ಶಾಸನಸಭೆಗಳಲ್ಲಿ ನಮ್ಮ ಸೀಟು 148ಕ್ಕೆ ಏರಿತು, ಪ್ರತ್ಯೇಕ ಓಟು ಹೋಯ್ತು. ಇಷ್ಟು ಎಲ್ಲರಿಗೂ ಗೊತ್ತು. ಆ ಒಪ್ಪಂದದಲ್ಲಿ ಇನ್ನೊಂದು ಅಂಶ ಇತ್ತು, ನಮ್ಮ ಸಭೆಗಳಲ್ಲೂ ಅದನ್ನ ಹೇಳೋದು ಕಮ್ಮಿ. ಪ್ರತಿ ಮೀಸಲು ಸೀಟಿಗೆ ಮೊದಲು ಅಸ್ಪೃಶ್ಯ ಮತದಾರರು ಮಾತ್ರ ಓಟು ಹಾಕಿ ನಾಲ್ಕು ಜನರ ಪಟ್ಟಿ ಮಾಡಬೇಕು. ಆ ನಾಲ್ವರಲ್ಲಿ ಒಬ್ಬರನ್ನ ಆಮೇಲೆ ಎಲ್ಲಾ ಜಾತಿಯ ಮತದಾರರು ಸೇರಿ ಗೆಲ್ಲಿಸಬೇಕು. ಈ ಮೊದಲ ಸುತ್ತಿಗೆ ಹತ್ತು ವರ್ಷದ ಮಿತಿ ಹಾಕಿದ್ರು. ಸಂವಿಧಾನ ಬಂದ ಮೇಲೆ ಅದು ಉಳೀಲಿಲ್ಲ.

ಈಗ ಆ ನಾಲ್ಕು ಜನರ ಪಟ್ಟಿ ಯಾರು ಮಾಡ್ತಾರೆ? ಪಕ್ಷದ ಆಫೀಸಲ್ಲಿ ಮಾಡ್ತಾರೆ. "ಎಲ್ಲರ ಜೊತೆ ಹೊಂದ್ಕೊಂಡು ಹೋಗೋ ಹುಡುಗ" ಅನ್ನೋದೇ ಅಲ್ಲಿ ಅರ್ಹತೆ. ಮೀಸಲು ಕ್ಷೇತ್ರದಲ್ಲೂ ಹೆಚ್ಚುಕಮ್ಮಿ ಎಲ್ಲಾ ಕಡೆ ನಮ್ಮ ಓಟು ಅರ್ಧಕ್ಕಿಂತ ಕಮ್ಮಿ, ನಮ್ಮ ಓಟಿಂದ ಮಾತ್ರ ಯಾರೂ ಗೆಲ್ಲಲ್ಲ. ಬಾಯಿ ಬಿಟ್ಟೋರಿಗೆ ಏನಾಗುತ್ತೆ ಅಂತಾನೂ ನಮ್ಮ ರಾಜ್ಯ ನೋಡಿದೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಬೂಸಾ ಅನ್ನೋ ಒಂದು ಪದ ಆಡಿದ್ದಕ್ಕೆ ಬೀದಿಯಲ್ಲಿ ಗಲಾಟೆ ಎದ್ದು ಮಂತ್ರಿಗಿರಿ ಬಿಡಬೇಕಾಯ್ತು. ಅವರಂಥೋರಿಗೇ ಹಾಗಾದ್ರೆ ಇವತ್ತಿನ ಬಿ-ಫಾರಂ ಅಭ್ಯರ್ಥಿ ಎಷ್ಟರವನು.

ಆ ಮೊದಲ ಸುತ್ತು ನಮ್ಮ ಕೈ ತಪ್ಪಿದ ಮೇಲೆ, ನಾಲ್ಕೈದು ಜನರನ್ನ ಒಟ್ಟಿಗೆ ಕೂರಿಸಿ ನೋಡೋಕೆ ನಮಗೆ ಉಳಿದಿರೋದು ಈ ಸಂವಾದ ಒಂದೇ. ಅದರಲ್ಲೂ ಮುಖ್ಯ ಏನಂದ್ರೆ, ಕೇರಿಯೋರೂ ಊರೋರೂ ಒಂದೇ ಹಾಲಲ್ಲಿ ಕೂತಿರ್ತಾರೆ. ಅಭ್ಯರ್ಥಿ ಅಲ್ಲಿ ಎರಡು ಮಾತು ಆಡೋಕೆ ಆಗಲ್ಲ. ಊರಿನೋರು ಕೂತಿರೋವಾಗ ಕೇರಿ ಬಗ್ಗೆ ಅವನ ಬಾಯಿಂದ ಎಷ್ಟು ಬರುತ್ತೋ ಅಷ್ಟೇ ಅವನ ನಿಜವಾದ ಭರವಸೆ. ಉಳಿದಿದ್ದೆಲ್ಲ ಕೇರಿಯಲ್ಲಿ ಕುಡಿದ ಟೀ ಲೆಕ್ಕ.

2023ರ ವಿಧಾನಸಭಾ ಚುನಾವಣೆಯದ್ದೇ ಹೇಳ್ತೀನಿ. ಓಟು ಮೇ 10ಕ್ಕೆ, ಸಂವಾದ ಏಪ್ರಿಲ್ ಕೊನೇಲಿ. ನಾವು ಮೂರು ತಯಾರಿ ಮಾಡ್ಕೊಂಡು ಹೋಗಿದ್ವಿ.

ಮೊದಲನೇದು ಒಂದು ಆರ್‌ಟಿಐ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು. ಮೂರು ತಿಂಗಳಿಗೆ ಒಂದು ಸಲವಾದ್ರೂ ಸೇರಬೇಕು. ಜಿಲ್ಲೆಯ ಸಂಸದರು, ಶಾಸಕರು ಅದಕ್ಕೆ ಸದಸ್ಯರು. ಅಂದ್ರೆ ಒಂದು ಅವಧಿಗೆ 20 ಸಭೆ. ನಮ್ಮ ಹಾಲಿ ಶಾಸಕರು ಎಷ್ಟಕ್ಕೆ ಹೋಗಿದ್ರು? ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಫೆಬ್ರವರಿಯಲ್ಲೇ ಅರ್ಜಿ ಹಾಕಿದ್ವಿ, ಮೂವತ್ತು ದಿನ ಹಿಡಿಯುತ್ತೆ ಅಂತ ಲೆಕ್ಕ ಹಾಕಿ. ಹಾಜರಿ ಪುಸ್ತಕದ ಜೆರಾಕ್ಸ್ ಬಂತು. ಅವರ ಸಹಿ ಎರಡು ಕಡೆ.

ಎರಡನೇದು ದುಡ್ಡಿನ ಪ್ರಶ್ನೆ. ಇದು ನನ್ನ ಪಾಲಿಗೆ ಬಿದ್ದಿದ್ದು. 2013ರ ನಮ್ಮ ರಾಜ್ಯದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ಅಭಿವೃದ್ಧಿ ಬಜೆಟಿನಲ್ಲಿ ಜನಸಂಖ್ಯೆಗೆ ತಕ್ಕ ಪಾಲು, ಅಂದ್ರೆ ಶೇ. 24.1ರಷ್ಟು, ಪರಿಶಿಷ್ಟರಿಗೆ ಇಡಬೇಕು. ಒಳ್ಳೇ ಕಾಯ್ದೆ. ಆದ್ರೆ ಅದರಲ್ಲಿ 7(ಡಿ) ಅಂತ ಒಂದು ಕಿಂಡಿ ಇತ್ತು. ಎಲ್ಲರಿಗೂ ಅಂತ ಮಾಡಿದ ರಸ್ತೆ, ನೀರಾವರಿ ಕೆಲಸದಲ್ಲಿ ಒಂದು ಪಾಲನ್ನ ಪರಿಶಿಷ್ಟರಿಗೇ ಖರ್ಚಾಯ್ತು ಅಂತ ಭಾವಿಸೋಕೆ ಅವಕಾಶ. ನಮ್ಮ ಆಫೀಸಿನ ಭಾಷೆಯಲ್ಲಿ ಅದಕ್ಕೆ ಜರ್ನಲ್ ಎಂಟ್ರಿ ಅಂತೀವಿ. ದುಡ್ಡು ಅಲ್ಲಾಡಲ್ಲ, ಪುಸ್ತಕದಲ್ಲಿ ಮಾತ್ರ ಈ ಕಡೆಯಿಂದ ಆ ಕಡೆಗೆ ಹೋಗುತ್ತೆ. ಕಕ್ಷಿದಾರರು ಹಿಂಗೆ ಮಾಡ್ಕೊಂಡು ಬಂದ್ರೆ ನಮ್ಮ ಆಡಿಟರ್ ಸಾಹೇಬ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ನೋಡ್ತಾರೆ. ಸರ್ಕಾರಕ್ಕೆ ಹಾಗೆ ನೋಡೋರು ಯಾರು? ಹಾಗಾಗಿ ನನ್ನ ಪ್ರಶ್ನೆ ಒಂದೇ ಸಾಲು: "7(ಡಿ) ತೆಗೆಯೋ ಮಸೂದೆ ಬಂದ್ರೆ ನೀವು ಕೈ ಎತ್ತುತ್ತೀರಾ, ಇಲ್ವಾ?"

ಮೂರನೇದು ಪಿಟಿಸಿಎಲ್. ಇದೇ ಅಸಲು.

ನಮ್ಮ ಕೇರಿಯ ದೊಡ್ಡಮ್ಮ ಒಬ್ಬರಿಗೆ, ಅಂದ್ರೆ ಅವರ ಮಾವನಿಗೆ, ಸರ್ಕಾರ ಎರಡು ಎಕರೆ ದರಖಾಸ್ತು ಜಮೀನು ಕೊಟ್ಟಿತ್ತು. ಎಂಬತ್ತರ ದಶಕದಲ್ಲಿ ಮದುವೆ ಸಾಲಕ್ಕೆ ಅಂತ ಊರಿನ ದೊಡ್ಡ ಮನೆಯೋರು ಬರೆಸ್ಕೊಂಡ್ರು. ದೇವರಾಜ ಅರಸು ಕಾಲದ 1978ರ ಕಾಯ್ದೆ, ಅಂದ್ರೆ ಪಿಟಿಸಿಎಲ್, ಜಾರಿಗೆ ಬಂದಿದ್ದು 1979ರ ಜನವರಿ 1ಕ್ಕೆ. ಆಮೇಲೆ ಸರ್ಕಾರದ ಅನುಮತಿ ಇಲ್ಲದೆ ಇಂಥ ಜಮೀನು ಮಾರಿದ್ರೆ ಆ ಮಾರಾಟವೇ ಊರ್ಜಿತ ಅಲ್ಲ. ಎಸಿ ಅದನ್ನ ಬಿಡಿಸಿ ಮೂಲ ಮಂಜೂರಿದಾರರಿಗೋ ಅವರ ವಾರಸುದಾರರಿಗೋ ಕೊಡಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನ ಎತ್ತಿ ಹಿಡಿದಿದೆ. ಓದು ಬಾರದ ದೊಡ್ಡಮ್ಮನಿಗೆ ಇಂಥದ್ದೊಂದು ಕಾಯ್ದೆ ಇದೆ ಅಂತ ಗೊತ್ತಾಗೋಕೇ ಇಪ್ಪತ್ತೈದು ವರ್ಷ ಬೇಕಾಯ್ತು. ಅರ್ಜಿ ಹಾಕಿದ್ರು. ಎಸಿ ಹತ್ರ ಗೆದ್ರು. ಎದುರಿನೋರು ಮೇಲ್ಮನವಿ ಹೋದ್ರು. ಅಷ್ಟರಲ್ಲಿ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪು ಬಂತು: ಸಮಂಜಸವಾದ ಕಾಲದೊಳಗೆ ಅರ್ಜಿ ಹಾಕಬೇಕಿತ್ತು ಅಂತ. ಅದನ್ನ ಹಿಡ್ಕೊಂಡು ರಾಜ್ಯದ ತುಂಬಾ ಕೇಸುಗಳು ಬೀಳೋಕೆ ಶುರುವಾದ್ವು. ದೊಡ್ಡಮ್ಮನ ಕೇಸೂ ಬಿತ್ತು. ನಲವತ್ತು ವರ್ಷ ಅವರ ಹೊಲದಲ್ಲಿ ಬೇರೆಯೋರು ರಾಗಿ ಬೆಳೆದಿದ್ದು ತಡ ಅನ್ನಿಸ್ಲಿಲ್ಲ, ದೊಡ್ಡಮ್ಮ ಬಂದಿದ್ದು ತಡ ಅನ್ನಿಸ್ತು.

2023ರ ಶುರುವಿನಿಂದಲೇ ಇದಕ್ಕೆ ತಿದ್ದುಪಡಿ ಬೇಕು ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ರು. ನಮ್ಮೋರೂ ಸರದಿ ಪ್ರಕಾರ ಹೋಗಿ ಕೂತು ಬರ್ತಿದ್ವಿ. ಹಾಗಿರೋವಾಗ ಈ ಪ್ರಶ್ನೆ ಕೇಳದೆ ಬರೋದುಂಟಾ?

ಹಾಲಲ್ಲಿ ಪ್ರಶ್ನೆ ಬರೆದು ಚೀಟಿ ಕೊಡಿ ಅಂದ್ರು. ಚೀಟಿ ಅಂದ ಕೂಡಲೇ ನನಗೆ ಅನುಮಾನ. ಚೀಟಿಯನ್ನ ಯಾರು ಆರಿಸ್ತಾರೋ ಸಂವಾದವನ್ನ ಅವರೇ ನಡೆಸ್ತಾರೆ. ಮುಕ್ಕಾಲು ಗಂಟೆ ಕಾದ್ವಿ. ಸಿಟಿ ಬಸ್ಸು, ಟೊಮೆಟೊ ಬೆಲೆ, ಯುಜಿಡಿ, ಕ್ರೀಡಾಂಗಣ. ನಮ್ಮ ಮೂರು ಚೀಟಿಯಲ್ಲಿ ಒಂದೂ ಬರಲಿಲ್ಲ. ಎದ್ದು ಕೇಳಿದೆ. ನಿರೂಪಕರು ನಗುನಗುತ್ತಲೇ, "ಮೇಡಂ, ಇವತ್ತು ಅಭಿವೃದ್ಧಿ ಬಗ್ಗೆ ಮಾತ್ರ ಇಟ್ಕೊಂಡಿದ್ದೀವಿ, ಜಾತಿ ವಿಷಯ ಬೇಡ" ಅಂದ್ರು. ನಾನು ಹೇಳಿದೆ: "ಸಾರ್, ಈ ಕ್ಷೇತ್ರ ಮೀಸಲಾಗಿರೋದೇ ಜಾತಿ ವಿಷಯಕ್ಕೆ. ಅದು ಬೇಡ ಅಂದ್ರೆ ಮೇಲೆ ಕೂತಿರೋ ಐದೂ ಜನ ಕೆಳಗೆ ಇಳೀಬೇಕಾಗುತ್ತೆ." ಹಾಲಲ್ಲಿ ನಕ್ಕರು. ಊರಿನೋರೂ ನಕ್ಕರು, ಅದನ್ನೂ ಹೇಳ್ಬೇಕು. ಮೈಕು ಕೊಟ್ರು.

ಜಾಗೃತಿ ಸಮಿತಿ ಪ್ರಶ್ನೆಗೆ ಹಾಲಿ ಶಾಸಕರು, "ನಾನು ಕರೆದಾಗೆಲ್ಲ ಹೋಗಿದ್ದೀನಿ" ಅಂದ್ರು. ನಮ್ಮ ಹುಡುಗ ಜೆರಾಕ್ಸ್ ಎತ್ತಿ ತೋರಿಸಿ ಎರಡು ತಾರೀಖು ಓದಿದ. ಶಾಸಕರು ನೀರು ಕುಡಿದು, "ಕಾನೂನು ತನ್ನ ಕೆಲಸ ತಾನು ಮಾಡುತ್ತೆ" ಅಂದ್ರು. ಈ ಮಾತು ಕೇಳಿದಾಗೆಲ್ಲ ನನಗೆ ಕಂಬಾಲಪಲ್ಲಿ ನೆನಪಾಗುತ್ತೆ. 2000ದ ಮಾರ್ಚ್ 11ರಂದು ಏಳು ಜನ ನಮ್ಮವರನ್ನ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡೀತು. ಅಲ್ಲಿ ಕಾನೂನು ತನ್ನ ಕೆಲಸ ಮಾಡಿದ್ದು ಹಾಗೆ. ಸಾಕ್ಷಿಗಳು ಗಟ್ಟಿಯಾಗಿ ನಿಲ್ಲಬೇಕಾದ್ರೆ ಅವರ ಹಿಂದೆ ಯಾರಾದ್ರೂ ನಿಂತಿರಬೇಕು, ಅದಕ್ಕೇ ಆ ಸಮಿತಿ, ಅದಕ್ಕೇ ಶಾಸಕರು.

7(ಡಿ) ಪ್ರಶ್ನೆಗೆ ಇಬ್ಬರಿಗೆ ಅದೇನು ಅಂತಲೇ ಗೊತ್ತಿರಲಿಲ್ಲ. ಒಬ್ಬರಂತೂ ಅದನ್ನ ರೈಲ್ವೆ ಗೇಟಿನ ನಂಬರು ಅಂತ ತಿಳ್ಕೊಂಡ್ರೋ ಏನೋ, "ಕೇಂದ್ರದ ಜೊತೆ ಮಾತಾಡ್ತೀನಿ" ಅಂದ್ರು. ಗೊತ್ತಿದ್ದ ಇಬ್ಬರು ತೆಗೆಯೋಕೆ ಬೆಂಬಲ ಅಂದ್ರು. ತೆಗೆದೂ ಆಯ್ತು, 2023ರಲ್ಲೇ, ಹೊಸ ಸರ್ಕಾರ ಬಂದ ಮೇಲೆ. ಅದೇ ವರ್ಷ ಅದೇ ಎಸ್‌ಸಿಎಸ್‌ಪಿ-ಟಿಎಸ್‌ಪಿಯಿಂದ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳ ಕಡೆಗೆ ಹೋಯ್ತು. ಪರಿಶಿಷ್ಟ ಫಲಾನುಭವಿಗಳಿಗೇ ಹೋಗಿದೆ ಅಂತ ಸರ್ಕಾರ ಹೇಳುತ್ತೆ. ಎಲ್ಲರಿಗೂ ಕೊಡೋ ಅಕ್ಕಿ, ಎಲ್ಲರಿಗೂ ಬಿಡೋ ಬಸ್ಸನ್ನ ನಮಗೆ ಮಾತ್ರ ನಮ್ಮ ಗಂಟಿನಿಂದ ಕೊಡೋದು ಯಾವ ಲೆಕ್ಕ ಅಂತ ನಾನು ಕೇಳ್ತೀನಿ. ಗ್ಯಾರಂಟಿ ಬೇಡ ಅಂತಲ್ಲ. ನಮ್ಮವ್ವನೂ ಅದೇ ಬಸ್ಸಲ್ಲಿ ಓಡಾಡ್ತಾಳೆ. ಒಂದು ಕಿಂಡಿ ಮುಚ್ಚಿ ಪಕ್ಕದ ಬಾಗಿಲು ತೆಗೆದ್ರು ಅಷ್ಟೇ. ಮುಂದಿನ ಸಂವಾದಕ್ಕೆ ನನ್ನ ಪ್ರಶ್ನೆ ಆ ಬಾಗಿಲ ಬಗ್ಗೆ.

ಪಿಟಿಸಿಎಲ್ ಅನ್ನೋ ಪದ ಬಂದ ಕೂಡಲೇ ಹಾಲಿನ ಗಾಳಿಯೇ ಬದಲಾಯ್ತು. ಯಾಕಂದ್ರೆ ಮುಂದಿನ ಎರಡು ಸಾಲಲ್ಲಿ ಕೂತೋರಲ್ಲಿ ಎಷ್ಟೋ ಜನ ಅಂಥ ಜಮೀನು ಕೊಂಡೋರು, ಅಥವಾ ಕೊಂಡೋರ ಮಕ್ಕಳು. ದೊಡ್ಡಮ್ಮನ ಹೊಲದ ಮನೆಯೋರೂ ಇದ್ರು. ಪ್ರಶ್ನೆ ಹೀಗೆ ಇಟ್ಟೆ: "ಎಷ್ಟು ವರ್ಷ ಆದ್ರೂ ಅರ್ಜಿ ಹಾಕಬಹುದು ಅಂತ ತಿದ್ದುಪಡಿ ತಂದ್ರೆ ಬೆಂಬಲ ಕೊಡ್ತೀರಾ? ಹೌದು ಅಥವಾ ಇಲ್ಲ."

ಹಾಲಿ ಶಾಸಕರು, "ಸರ್ಕಾರದ ಗಮನಕ್ಕೆ ತರ್ತೀನಿ." ಅವರದ್ದೇ ಸರ್ಕಾರ ಆಗ. ಎರಡನೆಯವರು, "ಎರಡೂ ಕಡೆಯವರನ್ನ ಕೂರಿಸಿ ಸೌಹಾರ್ದವಾಗಿ..." ಅಂತ ಎಳೆದ್ರು. ಪಕ್ಷೇತರರೊಬ್ಬರು ನೀರಾವರಿ ಕಡೆ ಹೊರಟುಹೋದ್ರು. ಸಣ್ಣ ಪಕ್ಷದಿಂದ ನಿಂತಿದ್ದ ವಕೀಲರೊಬ್ಬರು ಮಾತ್ರ ನೇರವಾಗಿ, "ಹೌದು. ಕಾಯ್ದೆಯ ಉದ್ದೇಶವೇ ಅದು" ಅಂದ್ರು. ಹಿಂದಿನ ಸಾಲಲ್ಲಿ ನಾವು ಚಪ್ಪಾಳೆ ತಟ್ಟಿದ್ವಿ, ಮುಂದೆ ಯಾರೋ ಕುರ್ಚಿ ಸರಿಸಿದ ಸದ್ದು. ಆ ವಕೀಲರ ಠೇವಣಿ ಉಳೀಲಿಲ್ಲ. ಪರಿಶಿಷ್ಟ ಅಭ್ಯರ್ಥಿಗೆ ವಿಧಾನಸಭೆಗೆ 5,000 ರೂಪಾಯಿ ಠೇವಣಿ, ಉಳಿಸ್ಕೊಳ್ಳೋಕೆ ಆರನೇ ಒಂದು ಪಾಲಿಗಿಂತ ಹೆಚ್ಚು ಓಟು ಬೇಕು. ಒಂದು ಪ್ರಶ್ನೆಗೆ ಹೌದು ಅಂದಿದ್ದಕ್ಕೇ ಸೋತರು ಅಂತ ಹೇಳೋಕಾಗಲ್ಲ, ದುಡ್ಡೂ ಇರಲಿಲ್ಲ ಅವರ ಹತ್ರ.

ಗೆದ್ದವರು ಐದನೆಯವರು. ಅವರ ಉತ್ತರ ನನ್ನ ನೋಟ್‌ಬುಕ್ಕಲ್ಲಿ ಹಾಗೇ ಇದೆ: "ತಿದ್ದುಪಡಿ ಬಂದ್ರೆ ನಾನು ವಿರೋಧ ಮಾಡಲ್ಲ, ಕೈ ಎತ್ತುತ್ತೀನಿ. ಆದ್ರೆ ದುಡ್ಡು ಕೊಟ್ಟು ಕೊಂಡೋರಿಗೂ ಅನ್ಯಾಯ ಆಗಬಾರದು." ಮೊದಲರ್ಧ ಹಿಂದಿನ ಸಾಲಿಗೆ, ಎರಡನೇ ಅರ್ಧ ಮುಂದಿನ ಸಾಲಿಗೆ. ಒಂದೇ ಉಸಿರಲ್ಲಿ ಎರಡೂ. ಕೇರಿಗೆ ಬಂದಾಗ ಅವರ ಬಾಯಲ್ಲಿ ಎರಡನೇ ಅರ್ಧ ಇರಲೇ ಇಲ್ಲ. ಊರಲ್ಲಿ ಮೊದಲರ್ಧ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಎರಡನ್ನೂ ಒಟ್ಟಿಗೆ ಕೇಳಿದ್ದು ಆ ಹಾಲಲ್ಲಿ ಮಾತ್ರ. ನಮ್ಮ ಹುಡುಗರು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ರು, ಪುಣ್ಯಕ್ಕೆ.

ನಮ್ಮೋರ ಬಗ್ಗೆಯೂ ಒಂದು ಮಾತು ಹೇಳ್ದೆ ಬಿಟ್ರೆ ತಪ್ಪಾಗುತ್ತೆ. ಅವತ್ತು ಒಳಮೀಸಲಾತಿ ಪ್ರಶ್ನೆಯೂ ಎದ್ದಿತು. ಆ ಮಾರ್ಚಿನಲ್ಲಷ್ಟೇ ಆಗಿನ ಸರ್ಕಾರ ಒಳಮೀಸಲಾತಿಗೆ ಕೇಂದ್ರಕ್ಕೆ ಶಿಫಾರಸು ಮಾಡೋ ತೀರ್ಮಾನ ತಗೊಂಡಿತ್ತು. ಪಿಟಿಸಿಎಲ್ಲಿಗೆ ಒಟ್ಟಿಗೆ ಚಪ್ಪಾಳೆ ತಟ್ಟಿದ ಹಿಂದಿನ ಸಾಲು ಆ ಪ್ರಶ್ನೆಗೆ ಸೀಳಿಹೋಯ್ತು. ಎಡಗೈಯೋರು ಒಬ್ಬರಿಗೆ, ಬಲಗೈಯೋರು ಒಬ್ಬರಿಗೆ, ಕೊರಮ ಕೊರಚ ಬೋವಿ ಲಂಬಾಣಿ ಬಂಧುಗಳು ಇನ್ನೊಬ್ಬರಿಗೆ. ಮುಂದಿನ ಸಾಲಿನೋರು ಹಿಂದಕ್ಕೆ ತಿರುಗಿ ನಮ್ಮನ್ನ ನೋಡಿದ ನೋಟ ನನಗಿನ್ನೂ ಕಣ್ಣ ಮುಂದಿದೆ. ಆಮೇಲೆ 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ರಾಜ್ಯಗಳಿಗೆ ಒಳವರ್ಗೀಕರಣದ ಅಧಿಕಾರ ಇದೆ ಅಂತ ಹೇಳಿದ ಮೇಲೂ ಅಭ್ಯರ್ಥಿಗಳ ಉತ್ತರ ಬದಲಾಗಿಲ್ಲ: "ಎಲ್ಲರನ್ನೂ ವಿಶ್ವಾಸಕ್ಕೆ ತಗೊಂಡು." ನಾವು ನಮ್ಮನಮ್ಮಲ್ಲೇ ಕೂತು ಮಾತಾಡ್ಕೊಂಡು ಹೋಗಿದ್ದಿದ್ರೆ ಅವರು ಇಷ್ಟು ಸುಲಭಕ್ಕೆ ತಪ್ಪಿಸ್ಕೋತಿರಲಿಲ್ಲ.

2023ರ ಜುಲೈನಲ್ಲಿ ಪಿಟಿಸಿಎಲ್ ತಿದ್ದುಪಡಿ ವಿಧಾನಮಂಡಲದಲ್ಲಿ ಪಾಸಾಯ್ತು. ಅರ್ಜಿಗೆ ಕಾಲಮಿತಿ ಇಲ್ಲ ಅಂತ ಕಾಯ್ದೆಯಲ್ಲೇ ಬರೆದ್ರು. ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಮಳೆ ಅನ್ನದೆ ಕೂತೋರ ಗೆಲುವು ಅದು, ನಮ್ಮ ಶಾಸಕರದ್ದಲ್ಲ. ಅವರು ಬಾಯಿ ಮುಚ್ಚಿಕೊಂಡು ಕೈ ಎತ್ತಿದ್ರು, ಅಷ್ಟು ಸಾಕಿತ್ತು. ಅದಾದ ಮೇಲೂ ಕೋರ್ಟುಗಳಲ್ಲಿ ತಡ ಆಯ್ತು ಅನ್ನೋ ವಾದ ಸತ್ತಿಲ್ಲ, ಇನ್ನೂ ಕೇಸುಗಳು ಅದರ ಮೇಲೇ ಬೀಳ್ತಿವೆ. ದೊಡ್ಡಮ್ಮನ ಕೇಸು ಹೇಗೋ ಮತ್ತೆ ಎಸಿ ಮುಂದೆ ಬಂತು. ಬಂದು ಅಲ್ಲೇ ನಿಂತಿತು. ವಾಯಿದೆ, ವಾಯಿದೆ, ಮತ್ತೆ ವಾಯಿದೆ. ಎಸಿ ಸಾಹೇಬ್ರು ಮೀಟಿಂಗು, ಕೇಸ್ ವರ್ಕರ್ ರಜೆ, ಕಡತ ಸಿಗ್ತಿಲ್ಲ.

ಶಾಸಕರ ಆಫೀಸಿಗೆ ಹನ್ನೊಂದು ಜನ ಹೋದ್ವಿ. "ಅಕ್ಕಾ, ಕೊಂಡೋರಿಗೂ ಅನ್ಯಾಯ ಆಗಬಾರದಲ್ವಾ" ಅಂತ ಎರಡನೇ ಅರ್ಧದಿಂದಲೇ ಶುರು ಮಾಡಿದ್ರು. ಹುಡುಗ ಮೊಬೈಲ್ ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಹಾಕಿದ. ಅವರದ್ದೇ ದನಿ, ಹಾಲಿನ ಫ್ಯಾನ್ ಸದ್ದಿನ ಜೊತೆ. ಶಾಸಕರು ಪೂರ್ತಿ ಕೇಳಿಸ್ಕೊಂಡ್ರು. ಪಕ್ಕದಲ್ಲಿದ್ದ ಊರಿನ ಮುಖಂಡರೊಬ್ಬರು ಎದ್ದು ಹೊರಗೆ ಹೋದ್ರು. "ಏನು ಬರೆದುಕೊಡಲಿ ಹೇಳಿ" ಅಂದ್ರು ಶಾಸಕರು. ಹೀಗೇ ತೀರ್ಪು ಕೊಡಿ ಅಂತ ಎಸಿಗೆ ಅವರು ಬರೆಯೋಕೆ ಬರಲ್ಲ, ನಾವು ಕೇಳೋದೂ ತಪ್ಪು. ಕಾರಣವಿಲ್ಲದೆ ವಾಯಿದೆ ಮುಂದಕ್ಕೆ ಹಾಕದೆ ಕಾಯ್ದೆ ಪ್ರಕಾರ ಬೇಗ ಇತ್ಯರ್ಥ ಮಾಡಿ ಅಂತ ಬರೀಬಹುದು. ನಾನೇ ಕರಡು ಮಾಡಿದೆ, ಅವರು ಲೆಟರ್‌ಹೆಡ್ಡಲ್ಲಿ ಟೈಪ್ ಮಾಡಿಸಿ ಸಹಿ ಹಾಕಿದ್ರು. ಸ್ವೀಕೃತಿ ಸೀಲು ಹಾಕಿಸಿದ ಪ್ರತಿ ನಮ್ಮ ಕಡತದಲ್ಲಿದೆ. ಆ ಕಾಗದದಿಂದ ಜಮೀನು ಬಂದಿಲ್ಲ. ಆಮೇಲಿಂದ ಮೂರು ಸಲ ವಿಚಾರಣೆ ನಡೆದಿದೆ, ಅಷ್ಟು.

ಆ ಹುಡುಗನಿಗೆ ನಾನು ಅವತ್ತು ಹೇಳಿದ ಎರಡು ಮಾತು ಇದೇ: ಓಟು ಹಾಕೋಕೆ ಮುಂಚೆ ಅಷ್ಟೇ ಅಲ್ಲ, ಓಟು ಹಾಕಿದ ಮೇಲೂ ನನಗೆ ಆ ರೆಕಾರ್ಡಿಂಗ್ ಬೇಕು. ಮತ್ತೆ ಚೀಟಿ ಕೊಟ್ಟು ಕಾಯ್ತಾ ಕೂರಬೇಡ. ನಾನು ಅವತ್ತು ಯಾರಿಗೆ ಓಟು ಹಾಕಿದೆ ಅಂತ ಕಾಮೆಂಟಲ್ಲಿ ಕೇಳ್ಬೇಡಿ, ಹೇಳಲ್ಲ.

ಪಂಚಾಯಿತಿ ಚುನಾವಣೆ ಘೋಷಣೆ ಆದ್ರೆ ನಮ್ಮ ಹೋಬಳಿಯಲ್ಲಿ ನಾವೇ ಸಂವಾದ ಮಾಡೋಣ ಅಂತ ಮಾತಾಗ್ತಿದೆ. ಮಾಡಿದ್ರೆ ಕೇರಿಯ ಸಮುದಾಯ ಭವನದಲ್ಲೇ ಮಾಡ್ಬೇಕು ಅಂತ ಹುಡುಗರ ಆಸೆ. ನನಗದು ಒಪ್ಪಿಗೆ ಇಲ್ಲ. ಅಲ್ಲಿ ಮಾಡಿದ್ರೆ ಊರಿನೋರು ಬರಲ್ಲ, ಊರಿನೋರು ಬರದಿದ್ರೆ ನಮಗೆ ಮತ್ತೆ ಕೇರಿಯ ಮಾತೇ ಕೇಳಿಸೋದು. ಹೈಸ್ಕೂಲ್ ಮೈದಾನ ಕೇಳೋಣ ಅಂದಿದ್ದೀನಿ. ನಿಮ್ಮ ಕಡೆ ಯಾರಾದ್ರೂ ಇಂಥದ್ದು ನಡೆಸಿದ್ರೆ ಅನುಮತಿ, ಮೈಕು, ಖರ್ಚು ಹೇಗೆ ಮಾಡಿದ್ರಿ ಅಂತ ತಿಳಿಸಿ.

ದೊಡ್ಡಮ್ಮನ ಕೇಸಿಗೆ ಬರೋ ಬುಧವಾರ ವಾಯಿದೆ ಇದೆ. ಹತ್ತೂವರೆಗೆ ಎಸಿ ಕೋರ್ಟ್ ಮುಂದಿನ ಹೊಂಗೆ ಮರದ ಹತ್ರ ಸೇರ್ತೀವಿ. ಘೋಷಣೆ ಕೂಗೋದು ಬೇಡ, ಸುಮ್ಮನೆ ಬಂದು ಕೂತ್ರೆ ಸಾಕು. ದೊಡ್ಡಮ್ಮನಿಗೆ ಈಗ ಮೆಟ್ಟಿಲು ಹತ್ತೋಕೆ ಆಗಲ್ಲ, ಕೋರ್ಟು ಎರಡನೇ ಮಹಡೀಲಿದೆ. ಕುರ್ಚಿ ಸಮೇತ ಎತ್ತಿಕೊಂಡು ಹೋಗೋಕೆ ನಾಲ್ಕು ಗಟ್ಟಿ ಹುಡುಗರು ಬೇಕು, ಬರೋರು ಇನ್‌ಬಾಕ್ಸಲ್ಲಿ ಹೆಸರು ಕೊಡಿ.

ಜೈಭೀಮ್.